ಟೇಪಿನ ಹಿಂದಿನ ದೀಪ

ಮಂಗಳವಾರ, ರಾತ್ರಿ

ಎಷ್ಟು ತೊಳೆದರೂ ಟೇಪಿನ ಅಂಟು ಬೆರಳಿನಿಂದ ಹೋಗುತ್ತಿಲ್ಲ.

ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗಿಬರಲು ಇಡೀ ದಿನ ಬೇಕು. ಅದಕ್ಕೇ ಕಾರಿನ ದೋಷ ಓದುವ ಪುಟ್ಟ ಸ್ಕ್ಯಾನರ್ ತರಿಸಿದ್ದೆ. ಇಂದು ಸುಮ್ಮನೆ ಕುತೂಹಲಕ್ಕೆ ಸಿಕ್ಕಿಸಿದರೆ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಕೆಟ್ಟಿದೆ ಎಂಬ ಕೋಡ್ ಮೊಬೈಲಿನಲ್ಲಿ ಬಂತು. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಎಲ್ಲವೂ ಸುಖವಾಗಿತ್ತು! ಕೀ ತಿರುಗಿಸಿದ ಕೂಡಲೇ ಎಚ್ಚರಿಕೆಯ ಎಲ್ಲ ದೀಪಗಳೂ ಒಮ್ಮೆ ಹತ್ತಿ ಆರಬೇಕು. ಎಬಿಎಸ್ ದೀಪ ಹತ್ತಲೇ ಇಲ್ಲ. ಸ್ಕ್ರೂ ಬಿಚ್ಚಿ ಮೀಟರ್ ಹೊರತೆಗೆದೆ. ದೀಪದ ಮೇಲೆ ಕಪ್ಪು ಟೇಪು, ಅಂಚು ನೀಟಾಗಿ ಕತ್ತರಿಸಿದ್ದು. ಅಣ್ಣನ ಕೈಕೆಲಸ ನನಗೆ ಗೊತ್ತಿಲ್ಲವೇ? ಈ ಕಾರು ನನಗೆ ಮಾರಿದವನೇ ಅವನು. “ಒಂದು ಲೈಟೂ ಉರಿಯಲ್ಲ ನೋಡು, ಕಣ್ಮುಚ್ಕೊಂಡು ಓಡ್ಸು” ಅಂದಿದ್ದ.

ಫೋನ್ ಮಾಡಿದೆ. ಅವನು ಇಲ್ಲ ಅನ್ನಲಿಲ್ಲ.

“ಲೈಟ್ ನೋಡಿದ್ರೆ ನೀನು ಹೆದರ್ಕೋತಿದ್ದೆ ಕಣೇ.”

“ಹೆದರ್ಕೋಬೇಕಿತ್ತಲ್ಲ ಅಣ್ಣ! ದಿನಾ ಮಗಳನ್ನ ಕೂರಿಸ್ಕೊಂಡು ಹೋಗ್ತಿದೀನಿ.”

ಅವನು ಮೆಲ್ಲಗೆ, “ಅಮ್ಮಂಗೆ ಹೇಳ್ಬೇಡ” ಅಂದ.

ಚಿಕ್ಕವರಿದ್ದಾಗ ಕಿಟಕಿಯ ಗಾಜು ಒಡೆದಾಗಲೂ ಇದೇ ಧ್ವನಿಯಲ್ಲಿ ಇದನ್ನೇ ಅಂದಿದ್ದ. ಆಗ ನಾನು ಹೇಳಿರಲಿಲ್ಲ. ನಾನೇ ಒಡೆದೆ ಅಂತ ಪೆಟ್ಟು ತಿಂದಿದ್ದೆ. ಈಗ ಹಾಗಲ್ಲ; ಬೆಳಗಾದ ಕೂಡಲೇ ಅಮ್ಮನಿಗೆ ಎಲ್ಲ ಹೇಳಿ, ಕಾರನ್ನು ಸರ್ವಿಸ್ ಸೆಂಟರ್‌ಗೆ ಕಳಿಸುತ್ತೇನೆ.