ಎಲ್ಲರಿಗೂ ಹೋದ ಬೈಗುಳ

ಏಪ್ರಿಲ್ 8, ಬೆಳಿಗ್ಗೆ

ಮತ್ತೆ ಇಮೇಲ್‌ನಿಂದಲೇ ದಿನ ಶುರು. ಸೊಸೆ ಮಿಜುಎ ಫ್ಯಾಕ್ಸ್ ಯಂತ್ರಕ್ಕೆ ಬಿಳಿ ಬಟ್ಟೆ ಹೊದಿಸಿದ್ದಾಳೆ, ಸತ್ತವರಿಗೆ ಹೊದಿಸಿದ ಹಾಗೆ. ಹಿಂದೆ ಆರ್ಡರ್ ಬಂದರೆ ಕಾಗದ ಬೆಚ್ಚಗಿರುತ್ತಿತ್ತು. ಅದನ್ನು ಹಿಡಿದು ನಾನೇ ಅಂಗಳ ದಾಟಿ, ಬಟ್ಟೆಗೆ ಬಣ್ಣ ಹಾಕುವ ಮನೆಗೆ ಹೋಗುತ್ತಿದ್ದೆ. ಹೋದ ನೆಪಕ್ಕೆ ಒಂದು ಗದರಿಕೆ, ಒಂದಿಷ್ಟು ನಗು...

ಆದರೂ ಸುಳ್ಳು ಹೇಳಬಾರದು. ಕ್ಯೋಟೋದ ಸೋಬಾ ನೂಡಲ್ ಅಂಗಡಿಯವರು ಬಾಗಿಲ ಪರದೆಗೆ ಬೇಕಾದ ಹಸಿರನ್ನು ಫೋಟೋದಲ್ಲೇ ಕಳಿಸಿದ್ದಾರೆ. ಫ್ಯಾಕ್ಸಿನಲ್ಲಿ ಜಗತ್ತಿನ ಬಣ್ಣವೆಲ್ಲ ಕಪ್ಪು.

ಏಪ್ರಿಲ್ 11

ಸೋಬಾದವರು ಮನಸ್ಸು ಬದಲಿಸಿದ್ದರು. ಹಸಿರಲ್ಲ, ಕಂದು. ಮೇಲ್ ನಿನ್ನೆಯೇ ಬಂದಿತ್ತು. ಸೆನ್‌ಕಿಚಿ ನೋಡಿಲ್ಲ. ಪರದೆಗಳನ್ನೆಲ್ಲ ಹಸಿರಲ್ಲಿ ಅದ್ದಿಬಿಟ್ಟ. ನನ್ನ ಮಾವನ ಕಾಲದಿಂದ ಇಲ್ಲಿ ಬಣ್ಣ ಹಾಕುವವನು! ರೇಗಿತು. ಅವನಿಗೆ ಮೇಲ್ ಬರೆದೆ: “ಕಣ್ಣು ಕಾಣದಿದ್ದರೆ ಮನೆಯಲ್ಲಿರಿ.” ಗುಂಡಿ ಒತ್ತಿದೆ.

“ಅಯ್ಯೋ ಅತ್ತೆ, ಅದು ಕೆಲಸದವ್ರಿಗೆ ಎಲ್ರಿಗೂ ಹೋಯ್ತು!”

“ಹೋಗ್ಲಿ ಬಿಡು. ತಪ್ಪು ತಪ್ಪೇ.”

ಏಪ್ರಿಲ್ 12, ಎಂಟು ಗಂಟೆ

ಸೆನ್‌ಕಿಚಿ ಬಂದಿಲ್ಲ. ಅವನ ಮೇಲ್ ಬಂತು — ಜನ್ಮದಲ್ಲೇ ಮೊದಲನೆಯದು. ಅವನ ಮೊಮ್ಮಗಳು ಬರೆದುಕೊಟ್ಟಿರಬೇಕು. ಅದೂ ಎಲ್ಲರಿಗೂ: “ಅಮ್ಮಾವ್ರ ಅಪ್ಪಣೆಯಂತೆ ಮನೆಯಲ್ಲಿದ್ದೇನೆ.”

ಕೆಲಸದ ಹೆಂಗಸರು ಬಣ್ಣದ ತೊಟ್ಟಿಗೆ ಮುಖ ಬಗ್ಗಿಸಿ ನಕ್ಕರು.

ಏಪ್ರಿಲ್ 15

ಇಂದೂ ಇಲ್ಲ.

ಹಿಂದಾಗಿದ್ದರೆ ಉಗ್ರಾಣದ ಹಿಂದೆ ಕರೆದು ಬೈಯುತ್ತಿದ್ದೆ. ಯಾರಿಗೂ ಕೇಳಿಸುತ್ತಿರಲಿಲ್ಲ. ತಲೆ ತಗ್ಗಿಸಿ ನಿಂತು, ಎಲ್ಲ ಮುಗಿದ ಮೇಲೆ, “ಅಮ್ಮಾವ್ರೇ, ಗಂಟ್ಲು ಒಣಗಿರ್ಬೇಕು” ಅನ್ನುತ್ತಿದ್ದ. ಅಲ್ಲೇ ನಿಂತು ಇಬ್ಬರೂ ಹುರಿದ ಎಲೆಯ ಚಹಾ ಕುಡಿಯುತ್ತಿದ್ದೆವು. ಚಹಾಕ್ಕಿಂತ ಮೊದಲು ಬೈಗುಳ ಆರುತ್ತಿತ್ತು. ಈ ಮೇಲಿನ ಬೈಗುಳ ಆರುವುದೇ ಇಲ್ಲ. ತೆರೆದಾಗಲೆಲ್ಲ ಬಿಸಿಬಿಸಿ.

“ಎರಡು ಸಾಲು ಕ್ಷಮೆ ಕಳ್ಸಿಬಿಡಿ ಅತ್ತೆ. ಏನು ಗಂಟು ಹೋಗತ್ತೆ?”

ಬರೆದೆ. ಅಳಿಸಿದೆ.

ಏಪ್ರಿಲ್ 18, ಸಂಜೆ

ಅವನ ಮನೆಗೆ ಹೋದೆ. ಕ್ಷಮೆ ಕೇಳುವಾಗ ಕೊಡುವ ಸಿಹಿಯ ಪೆಟ್ಟಿಗೆ ಒಯ್ಯಲಿಲ್ಲ, ಅದು ಹೊರಗಿನವರಿಗೆ. ಫ್ಲಾಸ್ಕಿನಲ್ಲಿ ಚಹಾ.

ಬಾಗಿಲು ತೆರೆಯದೆ ಕೇಳಿದ: “ತಪ್ಪಾಯ್ತು ಅಂತ ನನಗೊಬ್ಬನಿಗೇ ಹೇಳೋಕ್ ಬಂದ್ರಾ ಅಮ್ಮಾವ್ರೇ? ಬೈಗುಳಾನಾದ್ರೆ ಎಲ್ರಿಗೂ ಕಳ್ಸಿದ್ರಿ.”

ಎಷ್ಟು ಕೊಬ್ಬು! ಫ್ಲಾಸ್ಕ್ ಹೊಸ್ತಿಲ ಮೇಲಿಟ್ಟು ತಿರುಗಿ ಬಂದೆ.

ದಾರಿಯುದ್ದಕ್ಕೂ ಅದೇ ಮಾತು. ನ್ಯಾಯವೇ. ಆ ಕಂದು ಬಣ್ಣದ ಸುದ್ದಿ ಹಿಡಿದು ಅಂಗಳ ದಾಟಬೇಕಿದ್ದವಳು ನಾನು. ದಾಟಲಿಲ್ಲ. ಮೇಲ್ ಇದೆಯಲ್ಲ ಅಂದುಕೊಂಡೆ.

ಮಿಜುಎಗೆ ಹೇಳಿ ಮೇಲ್ ಮಾಡಿಸಿದೆ: “ನಾಳೆ ಎಂಟಕ್ಕೆ ಅಂಗಳಕ್ಕೆ ಬನ್ನಿ. ನನ್ನದೊಂದು ತಪ್ಪಿದೆ.” ಎಲ್ಲರಿಗೂ. ಇದಕ್ಕಾದರೆ ಇಮೇಲ್ ಒಳ್ಳೆಯದೇ.

ಏಪ್ರಿಲ್ 19, ಎಂಟಕ್ಕೆ ಮುಂಚೆ

ಎಲ್ಲರೂ ಬಂದು ನಿಂತಿದ್ದಾರೆ. ಕೆಟಲ್ ಒಲೆಯ ಮೇಲಿದೆ. ಇನ್ನೂ ಏನೂ ಹೇಳಿಲ್ಲ, ಆಗಲೇ ಗಂಟಲು ಒಣಗಿದೆ. ಗೇಟಿನ ಹತ್ತಿರ ಸೈಕಲ್ ಬೆಲ್... ಅವನೇ. ಹ್ಯಾಂಡಲಿಗೆ ನನ್ನ ಫ್ಲಾಸ್ಕ್ ತೂಗುಹಾಕಿಕೊಂಡು —