ನನಗೆ ಗೊತ್ತಿತ್ತು, ಕಲ್ಲಮ್ಮಕ್ಕ

ಜಯಪುರ
ಭಾನುವಾರ

ಕಲ್ಲಮ್ಮಕ್ಕನಿಗೆ ಅರ್ಪಣಾಳ ನಮಸ್ಕಾರಗಳು.

ಈ ಕಾಗದವನ್ನು ನೀವು ಓದಲಾರಿರಿ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿಮ್ಮ ತಂಗಿ ಪುಟ್ಟಕ್ಕ ಓದಿ ಹೇಳುತ್ತಾರೆ. ಫೋನಿನಲ್ಲೇ ಹೇಳಿಬಿಡೋಣವೆಂದು ಮೂರು ಸಲ ಪ್ರಯತ್ನಿಸಿದೆ. ನಿಮ್ಮ ದನಿ ಕೇಳಿದ ಕೂಡಲೇ ಊಟ ಆಯ್ತಾ, ನರಸಿಂಹರಾಜಪುರದಲ್ಲಿ ಮಳೆ ಹೇಗಿದೆ ಅಂತ ಕೇಳಿ ಇಟ್ಟುಬಿಟ್ಟೆ. ಪುಟ್ಟಕ್ಕ, ಮುಂದಿನದನ್ನು ಓದುವಾಗ ನಿಮಗೆ ನನ್ನ ಮೇಲೆ ಸಿಟ್ಟು ಬರಬಹುದು. ದಯವಿಟ್ಟು ಮಧ್ಯದಲ್ಲಿ ನಿಲ್ಲಿಸಬೇಡಿ, ಯಾವ ಮಾತನ್ನೂ ಬಿಡಬೇಡಿ.

ಆರು ವರ್ಷದ ಹಿಂದೆ ಯಜ್ಞೇಶಣ್ಣನ ಹಾಳೆ ತಟ್ಟೆ ಫ್ಯಾಕ್ಟರಿಗೆ ನಾನು ಸೇರಿದಾಗ ನನಗೆ ಕೆಲಸ ಕಲಿಸಿದವರು ನೀವು. ನೆನೆಸಿದ ಅಡಿಕೆ ಹಾಳೆ ಕಾದ ಅಚ್ಚಿನಡಿ ಒತ್ತಿಸಿಕೊಂಡು ತಟ್ಟೆಯಾಗಿ ಬರುತ್ತಿತ್ತು. ಬಿಸಿ ಆರದ ಆ ತಟ್ಟೆಯನ್ನು ನೀವು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳನ್ನು ಅಂಚಿನ ಸುತ್ತ ಒಂದು ಸಲ ಓಡಿಸಿ, ಒಡೆದದ್ದನ್ನು ಪಕ್ಕಕ್ಕೆ ಹಾಕುತ್ತಿದ್ದಿರಿ. ನಾನು ಕಣ್ಣ ಹತ್ತಿರ ಹಿಡಿದು ಹುಡುಕಿದರೂ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಬಗ್ಗಿಸಿದರೆ ಮಾತ್ರ ಕೂದಲೆಳೆಯಷ್ಟು ಒಡಕು ಬಾಯಿ ಬಿಡುತ್ತಿತ್ತು.

ಹೋದ ದೀಪಾವಳಿ ಕಳೆದ ಮೇಲೆ ಒಂದು ದಿನ, ಅಂಗೈಯಗಲ ಕಪ್ಪು ಬೂಷ್ಟು ಹಿಡಿದ ತಟ್ಟೆಯನ್ನು ನೀವು ಮೂಸಿ ನೋಡಿ ಆಮೇಲೆ ತೆಗೆದಿಟ್ಟಿರಿ. ಅಷ್ಟು ದೊಡ್ಡ ಕಲೆ ಗುರುತಿಸಲು ಮೂಗು ಯಾಕೆ ಬೇಕು? ಊಟದ ಹೊತ್ತಿಗೆ ಕೇಳಿದೆ. ನೀವು ಮುಚ್ಚಿಡಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಬಂದಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದಾರೆ, ಬೆಳಕು ನೆರಳು ಗೊತ್ತಾಗುತ್ತದೆ, ಮುಖ ಗೊತ್ತಾಗುವುದಿಲ್ಲ ಎಂದಿರಿ. ಆಮೇಲೆ ಡಬ್ಬಿಯ ಮುಚ್ಚಳ ಹಾಕುತ್ತಾ, "ಯಾರ ಹತ್ರಾನೂ ಹೇಳ್ಬೇಡ ಮಾರಾಯ್ತಿ. ಕೈ ಇದ್ಯಲ್ಲ, ನಡೀತದೆ" ಅಂದಿರಿ.

ನಡೆಯುತ್ತಲೂ ಇತ್ತು. ನೀವು ಪಾಸು ಮಾಡಿದ ತಟ್ಟೆ ಒಂದೂ ವಾಪಸ್ ಬಂದದ್ದಿಲ್ಲ. ನಾನು ಯಾರಿಗೂ ಹೇಳಲಿಲ್ಲ.

ಮಾರ್ಚ್ ತಿಂಗಳಲ್ಲಿ ಸ್ಕ್ರೀನ್ ಬಂತು. ಹೊರದೇಶದ ಖರೀದಿದಾರರು ಪ್ರತಿ ತಟ್ಟೆಯದ್ದೂ ಫೋಟೊ ಇರಬೇಕೆಂದು ಹಟ ಹಿಡಿದಿದ್ದರು. ಗಾಜಿನ ಪೆಟ್ಟಿಗೆಯೊಳಗೆ ತಟ್ಟೆ ಬಂದು ನಿಂತರೆ ಕ್ಯಾಮೆರಾ ಎರಡು ಚಿತ್ರ ತೆಗೆಯುತ್ತದೆ, ಒಂದು ಮೇಲಿನ ಬೆಳಕಿನಲ್ಲಿ, ಇನ್ನೊಂದು ಕೆಳಗಿನಿಂದ ಬೆಳಕು ಹಾಯಿಸಿ. ಎರಡೂ ದೊಡ್ಡದಾಗಿ ಅಕ್ಕಪಕ್ಕದಲ್ಲಿ ಸ್ಕ್ರೀನಿನ ಮೇಲೆ ಬರುತ್ತವೆ. ಅನುಮಾನ ಬಂದ ಜಾಗಕ್ಕೆ ಯಂತ್ರವೇ ಕೆಂಪು ಚೌಕ ಹಾಕುತ್ತದೆ. ಆದರೆ ಅದು ಒಡಕೋ, ಹಾಳೆಯ ನಾರಿನ ಗೆರೆಯೋ ಎಂದು ತೀರ್ಮಾನಿಸಲು ಮನುಷ್ಯರೇ ಬೇಕು. ಒಡಕಾದರೆ ಕೆಂಪು ಗುಂಡಿ, ನಾರಾದರೆ ಹಸಿರು ಗುಂಡಿ ಒತ್ತಬೇಕು.

ಆ ಕುರ್ಚಿಗೆ ಯಜ್ಞೇಶಣ್ಣ ನಿಮ್ಮನ್ನೇ ಆರಿಸಿದರು. ನಿಮಗೆ ಸನ್ಮಾನ ಮಾಡುತ್ತಿದ್ದೇನೆ ಎಂಬ ಸಂತೋಷ ಅವರ ಮುಖದಲ್ಲಿತ್ತು. ಮನೆಯಿಂದ ದಿಂಬು ತಂದು ಹಾಕಿದರು. "ಇಷ್ಟು ವರ್ಷ ನಿಂತ್ಕಂಡು ಕೆಲ್ಸ ಮಾಡಿದ್ದು ಸಾಕು ಕಲ್ಲಮ್ಮ, ಇನ್ನು ಕೂತ್ಕಂಡು ನೋಡಿ" ಅಂದರು. ನೀವು ಸೆರಗಿನಿಂದ ಮುಖ ಒರೆಸಿಕೊಂಡು ಕುಳಿತಿರಿ. ನಿಮ್ಮ ಬೆರಳು ಗಾಜಿಗೆ ತಾಗಿ ನಿಂತಿತು. ಒಳಗಿನ ತಟ್ಟೆಯನ್ನು ಮುಟ್ಟುವ ಹಾಗಿರಲಿಲ್ಲ.

ಪ್ಯಾಕಿಂಗ್ ಮೇಜನ್ನು ನಾನು ನಿಮ್ಮ ಪಕ್ಕಕ್ಕೆ ಎಳೆದುಕೊಂಡದ್ದು ಅವತ್ತೇ. ಸ್ಕ್ರೀನ್ ನೋಡಿ ಸಣ್ಣ ದನಿಯಲ್ಲಿ "ನಾರು", "ಒಡಕು" ಎನ್ನುತ್ತಿದ್ದೆ, ನೀವು ಗುಂಡಿ ಒತ್ತುತ್ತಿದ್ದಿರಿ. ಹದಿನೇಳು ದಿನ ಹೀಗೇ ಸಾಗಿತು. ಒಂದೊಂದು ಸಲ ನಾನು "ನಾರು" ಅಂದಾಗ ನೀವು ತಡೆದು, "ಸರಿ ನೋಡು ಕೂಸೆ" ಎನ್ನುತ್ತಿದ್ದಿರಿ. ಮತ್ತೆ ನೋಡಿದರೆ ಅದು ಒಡಕೇ ಆಗಿರುತ್ತಿತ್ತು. ನನ್ನ ದನಿಯ ಅನುಮಾನ ನಿಮಗೆ ತಿಳಿಯುತ್ತಿತ್ತೋ ಏನೋ.

ಹದಿನೆಂಟನೆಯ ದಿನ ಪಾರ್ಸೆಲ್ ಬಿಡಿಸಿಕೊಂಡು ಬರಲು ನನ್ನನ್ನು ಕೊಪ್ಪಕ್ಕೆ ಕಳಿಸಿದರು. ಆಗುವುದಿಲ್ಲ ಎನ್ನಲು ಕಾರಣ ಹೊಳೆಯಲಿಲ್ಲ. ಹೊರಡುವಾಗ ನಿಮ್ಮ ಹೆಗಲು ಮುಟ್ಟಿದೆ, ನೀವು ತಲೆಯಾಡಿಸಿದಿರಿ. ಬಸ್ಸು ಕೆಟ್ಟು ಹರಿಹರಪುರದ ಹತ್ತಿರ ನಿಂತುಬಿಟ್ಟಿತು. ನಾನು ವಾಪಸ್ ಬರುವಾಗ ಮೂರೂವರೆ. ಅಷ್ಟು ಹೊತ್ತು ನೀವು ಆ ಕುರ್ಚಿಯಲ್ಲಿ ಏನು ಪಾಡುಪಟ್ಟಿರಿ ಎಂದು ನಾನು ಕೇಳಲಿಲ್ಲ, ನೀವೂ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಯಜ್ಞೇಶಣ್ಣ ಎಲ್ಲರನ್ನೂ ಸ್ಕ್ರೀನಿನ ಮುಂದೆ ಕೂರಿಸಿದರು. ಹಿಂದಿನ ವಾರದ ಚಿತ್ರ ತೋರಿಸಿ ಹೊಸಬರಿಗೆ ಕಲಿಸುವುದು ಅವರ ಉದ್ದೇಶವಾಗಿತ್ತು, ಬೇರೇನೂ ಅಲ್ಲ. ಚಿತ್ರಗಳು ಸರಿಯುತ್ತಾ ಬಂದು ಆ ದಿನದವು ಶುರುವಾದವು. ಅಂಚಿನಿಂದ ನಡುವಿನವರೆಗೆ ಒಡೆದ ತಟ್ಟೆ. ಕೆಳಗೆ ಹಸಿರು ಗುರುತು, ನಿಮ್ಮ ಹೆಸರು. ಇನ್ನೊಂದು. ಮತ್ತೊಂದು. ಅವರು ಮೆತ್ತಗೆ, "ಕಲ್ಲಮ್ಮ, ಇದು ಹ್ಯಾಗೆ ಪಾಸಾಯ್ತು?" ಎಂದರು. ನೀವು ಮುಖವೆತ್ತಿ ನೋಡಿದಿರಿ. ಆದರೆ ನೋಡಿದ್ದು ಸ್ಕ್ರೀನನ್ನಲ್ಲ, ಅದರ ಎಡಕ್ಕಿದ್ದ ಗೋಡೆಯನ್ನು. ಅಲ್ಲಿದ್ದ ಹನ್ನೊಂದು ಜನಕ್ಕೂ ಆಗ ಗೊತ್ತಾಯಿತು.

ಯಜ್ಞೇಶಣ್ಣ ನನ್ನ ಕಡೆ ತಿರುಗಿ, "ಅರ್ಪಣಾ, ನೀನು ಪಕ್ಕದಲ್ಲೇ ಕೂರ್ತಿದ್ಯಲ್ಲ, ನಿಂಗೆ ಗೊತ್ತಿತ್ತಾ?" ಎಂದು ಕೇಳಿದರು. ನಾನು "ಇಲ್ಲ" ಎಂದೆ.

ಯಾಕೆ ಹಾಗೆಂದೆ ಎಂದು ಇಷ್ಟು ದಿನವೂ ಯೋಚಿಸಿದ್ದೇನೆ. ಕೆಲಸ ಹೋಗುತ್ತದೆಂಬ ಹೆದರಿಕೆ ಇದ್ದಿರಬಹುದು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಅದೂ ಇರಬಹುದು. ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳಲಾಗಲಿಲ್ಲ. ನೀವು ನನ್ನ ದನಿ ಬಂದ ಕಡೆಗೆ ತಿರುಗಿ, "ಅವಳಿಗೆ ಗೊತ್ತಿರ್ಲಿಲ್ಲ. ನಾನು ಹೇಳಿರ್ಲಿಲ್ಲ" ಅಂದಿರಿ. ನನ್ನ ಸುಳ್ಳಿಗೆ ನಿಮ್ಮ ಸುಳ್ಳನ್ನೂ ಸೇರಿಸಿ ನನ್ನನ್ನು ಉಳಿಸಿದಿರಿ.

ಯಜ್ಞೇಶಣ್ಣ ಕೆಟ್ಟವರಲ್ಲ, ನಿಮಗೂ ಗೊತ್ತು. ತಮ್ಮ ಕಾರಿನಲ್ಲೇ ನಿಮ್ಮನ್ನು ಇನ್ನೊಂದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯೂ ಅದೇ ಮಾತು. ಹಾಳೆ ವಿಂಗಡಿಸುವ ಕಡೆ ಹಾಕೋಣವೆಂದರೆ ದಾರಿಯಲ್ಲೇ ಕಾದ ಅಚ್ಚುಗಳ ಸಾಲು. ನಿಮ್ಮ ಕೈ ಸುಟ್ಟರೆ ಏನು ಮಾಡುವುದೆಂದು ಅವರಿಗೆ ಭಯ. ನೀವೇ ಚೀಲ ಕಟ್ಟಿಕೊಂಡು ತಂಗಿಯ ಮನೆಗೆ ಹೊರಟಿರಿ. ಬಸ್ಸು ಹತ್ತಿಸಲು ನಾನು ಬರಬೇಕಿತ್ತು. ಶೌಚಾಲಯದ ಬಾಗಿಲು ಹಾಕಿಕೊಂಡು ಬಸ್ಸು ಹೋಗುವವರೆಗೂ ಒಳಗೇ ನಿಂತಿದ್ದೆ.

ಈಗ ಆ ಕುರ್ಚಿಯಲ್ಲಿ ನಾನೇ ಕೂರುತ್ತೇನೆ. ಚಿತ್ರಗಳು ಎಷ್ಟು ಸ್ವಚ್ಛ ಕಾಣುತ್ತವೆಂದರೆ ಹಾಳೆಯ ಒಂದೊಂದು ನಾರನ್ನೂ ಎಣಿಸಬಹುದು. ಯಂತ್ರದಲ್ಲಿ ದೋಷವಿಲ್ಲ. ಯಾರನ್ನು ಬೈಯಬೇಕೋ ತಿಳಿಯುವುದಿಲ್ಲ. ಹೋದ ವಾರ ತಡೆಯಲಾರದೆ ಯಜ್ಞೇಶಣ್ಣನ ಹತ್ತಿರ ಎಲ್ಲ ಹೇಳಿಬಿಟ್ಟೆ. ಬೈದು ಕಳಿಸಲಿ ಎಂದೇ ಹೋಗಿದ್ದೆ. ಅವರು, "ಈಗ ಎಂತ ಮಾಡೋದು ಹೇಳು? ಅವ್ರ ಕಣ್ಣು ಬರ್ತದಾ? ಹೋಗು, ಕೆಲ್ಸ ನೋಡು" ಎಂದರು. ಶಿಕ್ಷೆಯೂ ಸಿಗಲಿಲ್ಲ. ವಾಪಸ್ ಬಂದು ಕುಳಿತೆ. ಮುಂದಿನ ತಟ್ಟೆಯ ಚಿತ್ರ ಆಗಲೇ ಬಂದು ಕಾಯುತ್ತಿತ್ತು.

ಇನ್ನೊಂದು ವಿಷಯವಿದೆ, ಇದನ್ನು ಪುಟ್ಟಕ್ಕನಿಗೂ ಗೊತ್ತಿಲ್ಲದೆ ಮಾಡಿದ್ದು. ಎರಡು ಭಾನುವಾರದ ಹಿಂದೆ ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಗೇಟಿನ ಹತ್ತಿರ ಯಾರೋ ಬಂದು ನಿಂತಿದ್ದರು. ನೀವು ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಿರಿ. "ಯಾರು?" ಅಂದಿರಿ. ಉತ್ತರ ಬರಲಿಲ್ಲ. ಮತ್ತೆ, "ಯಾರದು, ಒಳಗೆ ಬನ್ನಿ" ಅಂದಿರಿ. ಸ್ವಲ್ಪ ಹೊತ್ತು ಕಿವಿಗೊಟ್ಟು, ಯಾರೂ ಇಲ್ಲವೆಂದುಕೊಂಡು ಮತ್ತೆ ಬೀಜ ಬಿಡಿಸತೊಡಗಿದಿರಿ.

ಅದು ನಾನು, ಕಲ್ಲಮ್ಮಕ್ಕ.

ನಿಮ್ಮ ಸಕ್ಕರೆ ಹತೋಟಿಯಲ್ಲಿರಲಿ, ಕಾಲಿಗೆ ಗಾಯವಾಗದಿರಲಿ, ನಿಮ್ಮನ್ನು ನೋಡಿಕೊಳ್ಳುವ ಪುಟ್ಟಕ್ಕನನ್ನು ದೇವರು ಚೆನ್ನಾಗಿಟ್ಟಿರಲಿ. ನಿಮ್ಮ ಆಶೀರ್ವಾದ ಕೇಳುವ ಮುಖ ನನಗಿಲ್ಲ.

ನಿಮ್ಮಿಂದ ಕೆಲಸ ಕಲಿತವಳು,
ಅರ್ಪಣಾ