ಒಂದೇ ಕಾಲುವೆಯವರು

ಹೊಳೆನರಸೀಪುರ ತಾಲ್ಲೂಕು
9 ಆಗಸ್ಟ್ 2024, ಶುಕ್ರವಾರ

ಗೆಳೆಯ ಬಸವೇಶ,

ಪಕ್ಕದ ಗದ್ದೆಯವನು ಕಾಗದ ಬರೆದಿದ್ದಾನಲ್ಲ, ಇವನಿಗೆ ತಲೆ ಕೆಟ್ಟಿತೇ ಎನ್ನಬೇಡ. ಎದುರಿಗೆ ಬಂದರೆ ಏನಾದರೂ ತಮಾಷೆ ಮಾಡಿ ಜಾರಿಕೊಳ್ಳುತ್ತೇನೆ. ಕಾಗದದಲ್ಲಿ ಆ ಅನುಕೂಲವಿಲ್ಲ.

ನಿನ್ನೆ ಸಂಜೆ ಮಗಳು ಸ್ನೇಹಲತಾ ಶಾಲೆಯ ಸ್ಪರ್ಧೆಗೆಂದು ಇಂಗ್ಲಿಷ್ ಪದಗಳ ಮೂಲ ಉರುಹೊಡೆಯುತ್ತಿದ್ದಳು. ನನ್ನದು ಕನ್ನಡ ಮಾಧ್ಯಮದ ಬಿ.ಎ.; ಎಲ್ಲ ಗೊತ್ತಿರುವವನಂತೆ ತಲೆಯಾಡಿಸುತ್ತ ಕೂತಿದ್ದೆ. ‘ರೈವಲ್’ ಬಂತು. ಎದುರಾಳಿ, ಅಷ್ಟು ನನಗೂ ಗೊತ್ತು. ಅವಳು ಮುಂದೆ ಓದಿದಳು: ಲ್ಯಾಟಿನ್ನಿನಲ್ಲಿ ‘ರಿವಸ್’ ಎಂದರೆ ತೊರೆ, ‘ರಿವಾಲಿಸ್’ ಎಂದರೆ ಒಂದೇ ತೊರೆಯ ನೀರು ಬಳಸುವ ನೆರೆಯವನು, ಅದರಿಂದಲೇ ರೈವಲ್. “ಅಂದ್ರೆ ನೀನೂ ಬಸವೇಶ ಮಾಮನೂ ಅಲ್ವೇನಪ್ಪಾ?” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ನಿಮ್ಮವ್ವ ತೀರಿಕೊಂಡ ಮೂರನೇ ದಿನ ನೀನು ನಿಮ್ಮ ಮನೆ ಬಾಗಿಲಲ್ಲೇ ನಿಂತು ಹೇಳಿದ್ದೆ: “ಸೂತ್ಕ ಕಳೆಯಗಂಟ ಗದ್ದೆ ತಾವ್ಕೆ ಓಗಂಗಿಲ್ಲ ಕಣ್ಲಾ. ನಮ್ ಸರದಿ ನೀರ ಒಟ್ಲಿಗೆ ನೀನೇ ಕಟ್ಬುಡು.” ಸಾವಾದ ಮನೆಯವರ ಒಟ್ಲಿನ ಭತ್ತದ ಸಸಿಗೆ ಪಕ್ಕದ ಗದ್ದೆಯವನು ನೀರು ಕಟ್ಟುವುದು ನಮ್ಮಲ್ಲಿ ಹೇಳಿಸಿಕೊಂಡು ಮಾಡುವ ಕೆಲಸವೇ ಅಲ್ಲ. ಗುದ್ದಲಿ ಹಿಡಿದು ಹೋದೆ. ನನ್ನ ಗದ್ದೆಗೆ ನೀರು ಹರಿಯುತ್ತಲೇ ಇತ್ತು. ಇನ್ನೊಂದು ಗಂಟೆ ಹರಿಯಲಿ, ಆಮೇಲೆ ನಿನ್ನ ಕಡೆ ತಿರುಗಿಸೋಣ ಅಂದುಕೊಂಡೆ. ತಿರುಗಿಸಲಿಲ್ಲ. ಮುಂದಿನ ಸರದಿಗೂ ಅಷ್ಟೇ. ಪ್ರಾಸ ಬಿಡದ ಈ ಬಾಯಲ್ಲೇ ಹೇಳುತ್ತೇನೆ, ಕೇಳು: ನೀರು ಕದ್ದೆ, ಮುದ್ದೆ ಮೆದ್ದೆ, ಗಡದ್ದಾಗಿ ಮಾಡಿದೆ ನಿದ್ದೆ.

ಹನ್ನೆರಡನೇ ದಿನ ನೀನು ಒಣಗಿದ ಸಸಿ ಕೈಯಲ್ಲಿ ಹಿಡಿದು ಬಂದು ಕೇಳಿದಾಗ, “ತಮ್ಮಯ್ಯ ನಿಮ್ ಕಡೀಕೆ ನೀರೇ ಬಿಡ್ಲಿಲ್ಲ” ಅಂದುಬಿಟ್ಟೆ. ಮೂವತ್ತು ವರ್ಷದಿಂದ ಊರಿಗೆಲ್ಲ ನೀರು ಹಂಚುತ್ತಿರುವ ನೀರುಗಂಟಿ ಅವನು. ಕೇರಿಯವನ ಮೇಲೆ ದೂರು ಹೇಳಿದರೆ ಯಾರೂ ಎರಡನೇ ಸಲ ವಿಚಾರಿಸುವುದಿಲ್ಲ. ಅದು ಗೊತ್ತಿದ್ದೇ ಹೇಳಿದೆ. ನೀನು ಅವನನ್ನು ಅರಳಿಕಟ್ಟೆಯಲ್ಲಿ ನಿಲ್ಲಿಸಿಕೊಂಡು ಬೈದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಈಗ ನಾಡಿದ್ದು ಭಾನುವಾರದ ಊರ ಸಭೆಯಲ್ಲಿ ಅವನನ್ನು ಕೆಲಸದಿಂದ ಬಿಡಿಸಬೇಕೆಂಬ ಮಾತು ನಡೆದಿದೆ.

ಸಭೆಯಲ್ಲಿ ನಾನೇ ಎದ್ದು ನಿಂತು ಇದನ್ನೆಲ್ಲ ಹೇಳುತ್ತೇನೆ. ಅದಕ್ಕೆ ಮುಂಚೆ ನಿನಗೆ ಗೊತ್ತಿರಲಿ. ನನ್ನ ಒಟ್ಲಿನ ಸಸಿ ಕಿತ್ತು ಮೊದಲು ನಿನ್ನ ಗದ್ದೆಗೇ ನೆಡಿಸುತ್ತೇನೆ, ಮಿಕ್ಕರೆ ನನಗೆ. ಕ್ಷಮಿಸು ಎಂದು ಬರೆಯಲು ಮುಖವಿಲ್ಲ.

ನಾಚಿಕೆಯಿಂದ,
ದೇವರಾಜು

ತಾ.ಕ.: ಕಾಗದ ಮಡಚಿಟ್ಟು ತಮ್ಮಯ್ಯನ ಮನೆಗೆ ಹೋಗಿದ್ದೆ. ತಡವರಿಸುತ್ತ ಎಲ್ಲ ಹೇಳಿದೆ. ಅವನು ಎಲೆಅಡಿಕೆ ಅಗಿಯುವುದನ್ನೂ ನಿಲ್ಲಿಸಲಿಲ್ಲ. “ನಂಗೊತ್ತು ಕಣಪ್ಪ. ನೀರು ನಿಮ್ ಗದ್ದೇಗೆ ಓಯ್ತಿದ್ದುದ್ನ ನಾನೇ ನೋಡಿವ್ನಿ. ಆ ಮನೇಲಿ ಸಾವಾಗದೆ, ಇಂತಾ ಒತ್ನಲ್ಲಿ ಇಬ್ರಿಗೂ ತಂದಾಕದು ಬ್ಯಾಡ ಅಂತ ಸುಮ್ಕಿದ್ದೆ” ಅಂದ. ನೀನು ಬೈಯುತ್ತಿದ್ದಾಗಲೂ ಅವನಿಗೆ ಗೊತ್ತಿತ್ತು, ಬಸವೇಶ.